ಮಾಲ್ಗುಡಿಯಲ್ಲಿ ನಮ್ಮ ಅಪ್ಪಯ್ಯ

ನಮ್ಮ ಅಪ್ಪಯ್ಯ ಟಿವಿಯಲ್ಲಿ ಬಂದಿದ್ದಾರೆ. ಹಾಗಂತ ಅವರೇ ಹೇಳಿದ್ದು. ನಾವ್ಯಾರೂ ನೋಡಿಲ್ಲ.

ಕಥೆ ಹೀಗೆ. ಎಂಬತ್ತರ ದಶಕದ ನಡುವೆ ಶಂಕರ್‌ನಾಗ್ ನಮ್ಮ ಸೀಮೆಯಲ್ಲಿ ‘ಮಾಲ್ಗುಡಿ ಡೇಸ್’ ತೆಗೆಯುತ್ತಿದ್ದರು. ಆರ್.ಕೆ. ನಾರಾಯಣ್ ಬರೆದ ಊರು ಭೂಪಟದಲ್ಲಿ ಎಲ್ಲೂ ಇಲ್ಲವಲ್ಲ, ಅದು ಕೊನೆಗೆ ಸಿಕ್ಕಿದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಊರಿಗೆ ಬೇಕಾದ ರೈಲ್ವೆ ಸ್ಟೇಷನ್ ಮಾತ್ರ ನಮ್ಮ ಹೊಸನಗರ ತಾಲ್ಲೂಕಿನ ಅರಸಾಳಿನದ್ದು. ಅಪ್ಪಯ್ಯ ರಿಪ್ಪನ್‌ಪೇಟೆಗೆ ಮದುವೆಗೆಂದು ಹೋದವರು, ಪಕ್ಕದಲ್ಲೇ ಶೂಟಿಂಗ್ ಅಂತ ಕೇಳಿ ಹೋಳಿಗೆ ಊಟ ಬಿಟ್ಟು ಅರಸಾಳಿಗೆ ಓಡಿದ್ದರಂತೆ. ಅಲ್ಲಿ ಯಾರೋ ಒಬ್ಬ ಹುಡುಗ ಬಂದು, ‘ಯಜಮಾನ್ರೇ, ಈ ಕಡೆಯಿಂದ ಆ ಕಡೆಗೆ ಸುಮ್ನೆ ನಡ್ಕೊಂಡು ಹೋಗಿ’ ಅಂದನಂತೆ. ಕೈಯಲ್ಲಿ ಕೊಡೆ ಹಿಡಿದು ಮೂರು ಸಲ ನಡೆದರಂತೆ.

ಈ ‘ಅಂತೆ’ಗಳು ವರ್ಷದಿಂದ ವರ್ಷಕ್ಕೆ ಬೆಳೆದವು. ಮೊದಮೊದಲು ಅವರು ಶಂಕರ್‌ನಾಗ್‌ರನ್ನು ದೂರದಿಂದ ಕಂಡಿದ್ದರು. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಹತ್ತಿರದಿಂದ ಕಂಡಿದ್ದರು. ನನ್ನ ಮದುವೆಯ ಹೊತ್ತಿಗೆ ಬೀಗರ ಎದುರು ಇಬ್ಬರೂ ಸೇರಿ ಟೀ ಕುಡಿದಿದ್ದರು. ಅಮ್ಮ ಅಡುಗೆಮನೆಯಿಂದಲೇ, ‘ಇನ್ನೊಂದೈದು ವರ್ಷ ಬಿಟ್ರೆ ಇವ್ರೇ ಡೈರೆಕ್ಷನ್ ಮಾಡಿದ್ದು ಅಂತಾರೆ’ ಅನ್ನುತ್ತಿದ್ದಳು.

ಆಗ ನಮ್ಮ ನಿಟ್ಟೂರಿನ ಕೇರಿಯಲ್ಲಿ ಇದ್ದದ್ದು ಒಂದೇ ಟಿವಿ, ಅದೂ ಪಕ್ಕದ ಮನೆಯಲ್ಲಿ. ಮರದ ಪೆಟ್ಟಿಗೆ, ಅದಕ್ಕೆ ಎಳೆಯುವ ಬಾಗಿಲು, ಒಳಗೆ ಕಪ್ಪು ಬಿಳುಪು ಚಿತ್ರ. ಆಂಟೆನಾ ಕಟ್ಟಿದ್ದು ಅಡಿಕೆ ಮರದ ತುದಿಗೆ. ಗಾಳಿ ಬಂದರೆ ಮರ ತೂಗುತ್ತಿತ್ತು, ಮರ ತೂಗಿದರೆ ದೂರದರ್ಶನವೂ ತೂಗುತ್ತಿತ್ತು. ಒಬ್ಬರು ಅಂಗಳದಲ್ಲಿ ನಿಂತು ಗಳ ತಿರುಗಿಸಬೇಕು, ಒಬ್ಬರು ಜಗಲಿಯಲ್ಲಿ, ಒಬ್ಬರು ಟಿವಿ ಎದುರು. ‘ಬಂತಾ?’ ‘ಇಲ್ಲ!’ ‘ಈಗ?’ ‘ಬಂತು, ಬಂತು... ಹೋಯ್ತು ಮಾರಾಯಾ!’ ನಿಮ್ಮ ಮನೆಯಲ್ಲೂ ಈ ನಾಟಕ ನಡೆದಿರುತ್ತದೆ ಬಿಡಿ.

‘ಮಾಲ್ಗುಡಿ ಡೇಸ್’ ಬರುವ ದಿನ ಮಾತ್ರ ಅಪ್ಪಯ್ಯ ಗಳ ಹಿಡಿಯಲು ಒಪ್ಪುತ್ತಿರಲಿಲ್ಲ. ತಾವೇ ತೆರೆಯ ಮೇಲೆ ಬರುವಾಗ ಹೊರಗೆ ನಿಂತರೆ ಹೇಗೆ? ಬಿಳಿ ಪಂಚೆ ಉಟ್ಟು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಧಾರಾವಾಹಿಯೋ ಹಿಂದಿಯಲ್ಲಿ. ನಮ್ಮದೇ ಆಗುಂಬೆಯ ಬೀದಿ, ನಮ್ಮದೇ ಗಿರೀಶ ಕಾರ್ನಾಡರು ಸ್ವಾಮಿಯ ಅಪ್ಪ, ನಮ್ಮದೇ ಮಾಸ್ಟರ್ ಮಂಜುನಾಥ್ ಸ್ವಾಮಿ. ಆದರೆ ಆಡುವುದೆಲ್ಲ ಹಿಂದಿ! ನಮಗೆ ಅರ್ಥವಾಗುತ್ತಿದ್ದದ್ದು ಮಳೆಯ ಸದ್ದು ಮಾತ್ರ. ಆದರೂ ಒಂದು ಕಂತನ್ನೂ ಬಿಡುತ್ತಿರಲಿಲ್ಲ. ಸ್ಟೇಷನ್ ಕಂಡ ಕೂಡಲೇ ಎಲ್ಲರೂ ಉಸಿರು ಬಿಗಿಹಿಡಿಯುವುದು. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಗುವುದು, ಇಲ್ಲವೇ ತೆರೆಯ ತುಂಬ ಅಕ್ಕಿ ಚೆಲ್ಲಿದಂತೆ ಚುಕ್ಕಿ. ‘ಈಗಷ್ಟೇ ದಾಟಿ ಹೋದೆ, ನೀವು ನೋಡ್ಲಿಲ್ವಾ?’ ಎಂದು ಅಪ್ಪಯ್ಯ ಎದ್ದು ಪಂಚೆ ಕೊಡವುತ್ತಿದ್ದರು.

ಕಾಲ ಸರಿಯಿತು. 1990ರ ಸೆಪ್ಟೆಂಬರಿನಲ್ಲಿ ಶಂಕರ್‌ನಾಗ್ ದಾವಣಗೆರೆಯ ಹತ್ತಿರ ಅಪಘಾತದಲ್ಲಿ ಹೋದ ಸುದ್ದಿ ಬಂದ ದಿನ ಅಪ್ಪಯ್ಯ ಊಟಕ್ಕೆ ಏಳಲಿಲ್ಲ. ಜೊತೆಯಲ್ಲಿ ಟೀ ಕುಡಿದವರೇ ಇರಬೇಕು ಅಂತ ಅವತ್ತು ನನಗೂ ಅನ್ನಿಸಿತ್ತು.

ಆಮೇಲೆ ನಾನು ಮದುವೆಯಾಗಿ ಸಾಗರಕ್ಕೆ ಬಂದೆ. ನನ್ನ ಮಗಳು ಓದಿ, ಕೆಲಸ ಹಿಡಿದು, ಗಂಡನ ಜೊತೆ ಮೆಲ್ಬರ್ನ್ ಸೇರಿದಳು. ‘ಮಾಲ್ಗುಡಿ’ಯಲ್ಲಿ ಅನಂತನಾಗ್ ಮಾಡಿದ ಮಿಠಾಯಿ ಅಂಗಡಿಯ ಜಗನ್ ನೆನಪಿದ್ದಾನಲ್ಲ, ಮಗ ಮಾಲಿ ಅಮೆರಿಕಕ್ಕೆ ಹೋದನೆಂದು ಅವನ ಕಾಗದಗಳನ್ನು ಹಿಡಿದು ಊರೆಲ್ಲ ಹೇಳಿಕೊಂಡು ತಿರುಗುವವನು? ಅಪ್ಪಯ್ಯ ಥೇಟ್ ಅವನಂತೆಯೇ ಮೊಮ್ಮಗಳ ಸುದ್ದಿ ಹಿಡಿದು ನಿಟ್ಟೂರು ಪೇಟೆಯಿಂದ ನಗರದವರೆಗೆ ತಿರುಗಿದರು. ‘ಅಲ್ಲಿ ಒಂದೇ ದಿನದಲ್ಲಿ ನಾಲ್ಕು ಋತು ಬರ್ತದಂತೆ’ ಎಂದು ಯಾರೋ ಹೇಳಿದರೆ, ‘ನಮ್ಮಲ್ಲಿ ನಾಲ್ಕು ತಿಂಗಳು ಒಂದೇ ಋತು, ಅದಕ್ಕಿಂತ ವಾಸಿ’ ಅನ್ನುತ್ತಿದ್ದರು.

2020ರಲ್ಲಿ ಎರಡು ಸಂಗತಿ ನಡೆದವು. ಮಗಳಿಗೆ ಮಗಳು ಹುಟ್ಟಿದಳು. ಅರಸಾಳಿನ ಹಳೆಯ ಸ್ಟೇಷನ್ ಕಟ್ಟಡವನ್ನು ರೈಲ್ವೆಯವರು ರಿಪೇರಿ ಮಾಡಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿದರು. ‘ಪುಟ್ಟಿ ಬರ್ಲಿ, ಅವಳನ್ನ ಕರ್ಕೊಂಡೇ ಹೋಗಿ ನೋಡ್ತೇನೆ’ ಎಂದು ಅಪ್ಪಯ್ಯ ಹಟ ಹಿಡಿದರು. ಪುಟ್ಟಿ ಬರುವ ಹಾಗಿರಲಿಲ್ಲ. ಕೊರೊನಾ ಅಂತ ಆಸ್ಟ್ರೇಲಿಯಾ ತನ್ನ ಬಾಗಿಲು ಹಾಕಿಕೊಂಡು ಕೂತಿತ್ತು. ಮರುವರ್ಷದ ಮಳೆಗಾಲದಲ್ಲಿ ಅಪ್ಪಯ್ಯ ಹೋದರು. ಮಗಳು ಫೋನಿನಲ್ಲೇ ಅಜ್ಜಯ್ಯನ ಮುಖ ನೋಡಿದಳು. ಅದೂ ನಮ್ಮೂರಿನ ನೆಟ್‌ವರ್ಕಿನಲ್ಲಿ ಅರ್ಧ ಮುಖ.

ಎಲ್ಲ ಮುಗಿದ ಮೇಲೆ ಒಂದು ವಿಷಯ ಹೊಳೆಯಿತು. ನಮ್ಮಲ್ಲಿ ಅಪ್ಪಯ್ಯನ ಫೋಟೊಗಳಿವೆ. ಮದುವೆ, ಮುಂಜಿ, ಗೃಹಪ್ರವೇಶ, ಎಲ್ಲದರಲ್ಲೂ ಕಂಬದಂತೆ ನಿಂತಿದ್ದಾರೆ. ಅವರು ನಡೆಯುವ, ನಗುವ ಒಂದು ವಿಡಿಯೊ ಇಲ್ಲ. ‘ಆಮೇಲೆ ತೆಗೆದರಾಯ್ತು’ ಅಂತ ಇದ್ದುಬಿಟ್ಟೆವು. ಪುಟ್ಟಿ ತನ್ನ ಮುತ್ತಜ್ಜ ನಡೆಯುವುದನ್ನು ನೋಡಬೇಕೆಂದರೆ ಇರುವುದು ಒಂದೇ ದಾರಿ, ಅರಸಾಳು ಸ್ಟೇಷನ್.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಮಗಳು, ಪುಟ್ಟಿ ಬಂದರು. ಪುಟ್ಟಿಗೆ ಗೊತ್ತಿರುವುದು ಬ್ಲೂಯಿ ಎಂಬ ನೀಲಿ ನಾಯಿಮರಿಯ ಕಾರ್ಟೂನು. ಅಲ್ಲಿನ ಮಕ್ಕಳಿಗೆ ಅದೇ ‘ಮಾಲ್ಗುಡಿ’. ಅಪ್ಪ ನಾಯಿ ಮಕ್ಕಳ ಜೊತೆ ಆಡುವುದು ಬಿಟ್ಟು ಅದರಲ್ಲಿ ದೊಡ್ಡ ಕಥೆಯೇನಿಲ್ಲ. ನಾನೂ ಕೂತು ನಾಲ್ಕು ಕಂತು ನೋಡಿದೆ. ಸತ್ಯ ಹೇಳಬೇಕೆಂದರೆ, ಐದನೆಯದನ್ನು ನಾನೇ ಹಾಕಿಸಿದೆ.

ಅಮ್ಮನನ್ನೂ ಕೂರಿಸಿಕೊಂಡು ಎಲ್ಲರೂ ಅರಸಾಳಿಗೆ ಹೋದೆವು. ಹಳೆಯ ಕಟ್ಟಡದ ಒಳಗೆ ಧಾರಾವಾಹಿಯ ನೆನಪುಗಳು, ಹೊರಗೆ ರೈಲು ಡಬ್ಬಿಯಲ್ಲೇ ಟೀ ಅಂಗಡಿ. ಟೀ ಕುಡಿಯುತ್ತ ಅಮ್ಮ, ‘ಹೌದನಾ, ಇಲ್ಲೇ ಕುಡ್ದಿದ್ದಿರ್ಬೇಕು’ ಅಂದಳು. ಅಪ್ಪಯ್ಯನ ಟೀಯನ್ನು ಅವಳು ನಂಬಿದ್ದು ಅದೇ ಮೊದಲು.

ರಾತ್ರಿ ನಿಟ್ಟೂರಿನ ಮನೆಯಲ್ಲಿ ಮಗಳು ಫೋನಿನಲ್ಲಿ ‘ಮಾಲ್ಗುಡಿ ಡೇಸ್’ ಹಾಕಿದಳು. ಆಗ ಅಕ್ಕಿ ಚೆಲ್ಲಿದ್ದ ತೆರೆ ಈಗ ಅಂಗೈಯಲ್ಲಿ, ಬಣ್ಣದಲ್ಲಿ, ಬೇಕಾದಲ್ಲಿ ನಿಲ್ಲಿಸಬಹುದು. ನೆಟ್‌ವರ್ಕ್ ಮಾತ್ರ ಅಂಗಳದ ಮೂಲೆಯಲ್ಲಿ ತುಳಸಿಕಟ್ಟೆ ಹತ್ತಿರ ನಿಂತರಷ್ಟೇ ಸಿಗುವುದು. ತಮ್ಮ ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಹಾಕಿ ಕೈ ಎತ್ತಿ ಅಲ್ಲಿ ನಿಂತ. ‘ಬಂತಾ?’ ‘ಇಲ್ಲ!’ ‘ಈಗ?’ ‘ಬಂತು, ಬಂತು!’ ಜಗಲಿಯಲ್ಲಿ ಎಲ್ಲರೂ ಗೊಳ್ಳೆಂದು ನಕ್ಕೆವು. ಪುಟ್ಟಿಗೆ ಮಾತ್ರ ಯಾಕೆಂದು ತಿಳಿಯಲಿಲ್ಲ.

ಸ್ಟೇಷನ್ ಬಂದಾಗಲೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಪೇಟ ಸುತ್ತಿದವರು, ಟ್ರಂಕು ಹೊತ್ತವರು, ಸುಮ್ಮನೆ ನಿಂತವರು. ಎಲ್ಲೂ ಅಪ್ಪಯ್ಯ ಇಲ್ಲ. ನನಗೆ ಒಳಗೊಳಗೇ ಹೆದರಿಕೆ. ಅವರು ನಡೆದ ತುಂಡನ್ನು ಕತ್ತರಿಸಿ ಎಸೆದಿದ್ದರೆ? ಅಥವಾ ಅರಸಾಳಿಗೆ ಅವರು ಹೋಗಿಯೇ ಇರದಿದ್ದರೆ?

‘ನಿಲ್ಸು’ ಅಂದಳು ಅಮ್ಮ. ಮಗಳು ನಿಲ್ಲಿಸಿದಳು. ಅಮ್ಮ ಕನ್ನಡಕ ಏರಿಸಿ, ಮೂಲೆಯಲ್ಲಿ ಬೆನ್ನು ಹಾಕಿ ಹೋಗುತ್ತಿದ್ದ ಒಬ್ಬರ ಮೇಲೆ ಬೆರಳಿಟ್ಟಳು. ‘ಇದೇ.’

ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು. ಆ ಮನುಷ್ಯ ಕುಳ್ಳ, ಅಪ್ಪಯ್ಯ ಎತ್ತರ. ಕೈಯಲ್ಲಿ ಕೊಡೆಯೂ ಇಲ್ಲ. ‘ಅಮ್ಮಾ, ಮುಖ ಕಾಣ್ತಿಲ್ವಲ್ಲೇ’ ಅಂದೆ ಮೆಲ್ಲಗೆ.

‘ಮುಖ ಎಂತಕ್ಕೆ? ಐವತ್ತೈದು ವರ್ಷ ಆ ಬೆನ್ನಿನ ಹಿಂದೆ ನಡ್ದವಳು ನಾನು. ನಂಗೆ ಗೊತ್ತಿಲ್ವಾ?’

ಯಾರೂ ಎದುರು ಮಾತಾಡಲಿಲ್ಲ. ಮಗಳು ಮತ್ತೆ ಚಿತ್ರ ಓಡಿಸಿದಳು. ಆ ಮನುಷ್ಯ ನಾಲ್ಕು ಹೆಜ್ಜೆ ನಡೆದು ತೆರೆಯಿಂದ ಆಚೆ ಹೋದರು. ಪುಟ್ಟಿ ಫೋನಿಗೆ ಕೈ ಬೀಸಿ, ‘ಬಾಯ್, ಅಜ್ಜಯ್ಯ’ ಅಂದಳು.

ಅಮ್ಮ ಇನ್ನೊಂದು ಸಲ ಹಾಕಿಸಿದಳು. ಆಮೇಲೆ ಮತ್ತೊಂದು ಸಲ. ಅಂಗಳದಲ್ಲಿ ತಮ್ಮ ಕೈ ಇಳಿಸದೆ ನಿಂತೇ ಇದ್ದ.