ಉಗ್ರಾಣದಲ್ಲಿ ಸಿಕ್ಕ ನಿಘಂಟು

1945ನೆಯ ಇಸವಿಯ ಸೆಪ್ಟೆಂಬರ್ ತಿಂಗಳು. ಜಪಾನು ಶರಣಾಗತವಾಗಿ ಮೂರು ವಾರಗಳು ಕಳೆದಿದ್ದುವು. ಸಿಯೋಲ್ ನಗರದ ರೈಲು ನಿಲ್ದಾಣದ ಉಗ್ರಾಣದಲ್ಲಿ, ಕೇಳುವವರಿಲ್ಲದೆ ಬಿದ್ದಿದ್ದ ಸಾಮಾನುಗಳ ನಡುವೆ, ಕಾಗದದ ಕಟ್ಟುಗಳ ರಾಶಿಯೊಂದು ಕಣ್ಣಿಗೆ ಬಿದ್ದಿತು. ಬಿಚ್ಚಿ ನೋಡಲಾಗಿ ಅದು ಕೊರಿಯಾ ಭಾಷೆಯ ಮಹಾನಿಘಂಟಿನ ಹಸ್ತಪ್ರತಿ. ಅದನ್ನು ಬರೆದವರು ಮೂರು ವರ್ಷಗಳಿಂದ ಅದರ ಮುಖವನ್ನು ಕಂಡಿರಲಿಲ್ಲ.

ಕೊರಿಯಾದ ಜನರಿಗೆ ಸ್ವಂತ ಲಿಪಿಯನ್ನು ಕೊಟ್ಟವನು ದೊರೆ ಸೇಜೊಂಗ್; ಅದು ಪ್ರಕಟವಾದುದು 1446ರಲ್ಲಿ. ಆದರೆ ಪಂಡಿತರು ಬಹುಕಾಲ ಚೀನೀ ಅಕ್ಷರಗಳನ್ನೇ ಹಿಡಿದುಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಚ್ಚುಕೂಟ, ವೃತ್ತಪತ್ರಿಕೆ, ಹೊಸ ಶಾಲೆಗಳು ಬಂದ ಮೇಲೆಯೇ ಮನೆಮಾತಿಗೆ ಒಂದು ವ್ಯವಸ್ಥೆ ಬೇಕೆಂಬ ಅರಿವು ಬಲವಾಯಿತು. ಜೂ ಸಿಗ್ಯೊಂಗ್ ಎಂಬ ವಿದ್ವಾಂಸನು ನಿಘಂಟಿನ ಕೆಲಸಕ್ಕೆ ಕೈಹಚ್ಚಿ, ಅದು ಮುಗಿಯುವ ಮುನ್ನವೇ 1914ರಲ್ಲಿ ತೀರಿಕೊಂಡನು. ಅಷ್ಟರಲ್ಲಿ, 1910ರಲ್ಲಿಯೇ, ದೇಶವು ಜಪಾನಿನ ವಶವಾಗಿತ್ತು.

ಆಳುವವರು ಏನನ್ನೂ ತರಲಿಲ್ಲವೆಂದರೆ ಸತ್ಯಕ್ಕೆ ಅಪಚಾರವಾದೀತು. ರೈಲು ಹಾದಿ, ಕಾರ್ಖಾನೆ, ಅಂಚೆ, ಶಾಲೆಗಳು ಹೆಚ್ಚಿದುವು. ಆದರೆ ಆ ಹೊಸ ಬಾಳಿನ ಬಾಗಿಲುಗಳೆಲ್ಲ ತೆರೆಯುತ್ತಿದ್ದುದು ಪರರ ನುಡಿಗೆ. ನವೀನತೆಯನ್ನು ತಮ್ಮ ಮಾತಿನಲ್ಲಿಯೇ ಪಡೆಯಬೇಕೆಂಬ ಹಂಬಲದಿಂದ 1929ರಲ್ಲಿ ಕೆಲವರು ಸೇರಿ ನಿಘಂಟಿನ ಕಾರ್ಯವನ್ನು ಮತ್ತೆ ಕೈಗೊಂಡರು. ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಗಳು ಹಳ್ಳಿಯ ಮಾತುಗಳನ್ನು ಬರೆದು ತಂದರು. 1933ರಲ್ಲಿ ಕಾಗುಣಿತದ ನಿಯಮಗಳು ಗೊತ್ತಾದುವು.

ಚೀನಾದೊಡನೆ ಯುದ್ಧ ಹಬ್ಬಿದಂತೆ ಆಳ್ವಿಕೆಯ ಹಿಡಿತವೂ ಬಿಗಿಯಾಯಿತು. 1938ರಲ್ಲಿ ಕೊರಿಯಾ ಭಾಷೆ ಶಾಲೆಗಳಲ್ಲಿ ಐಚ್ಛಿಕ ವಿಷಯವಾಗಿ, ಬೇಗನೆ ಮಾಯವಾಯಿತು. 1940ರಲ್ಲಿ ಜನರು ಜಪಾನೀ ರೀತಿಯ ಹೆಸರುಗಳನ್ನು ಇಟ್ಟುಕೊಳ್ಳಬೇಕಾಯಿತು. ಅದೇ ವರ್ಷ ಎರಡು ಮುಖ್ಯ ಕೊರಿಯಾ ಪತ್ರಿಕೆಗಳು ಮುಚ್ಚಿದುವು. ಬಾಯಲ್ಲಿದ್ದ ಮಾತನ್ನೂ, ತಂದೆ ಇಟ್ಟ ಹೆಸರನ್ನೂ ಕಳೆದುಕೊಂಡವನಿಗೆ ಉಳಿಯುವುದೇನು?

1942ರಲ್ಲಿ ವಿದ್ಯಾರ್ಥಿನಿಯೊಬ್ಬಳ ದಿನಚರಿಯ ಒಂದು ಸಾಲಿನ ಎಳೆ ಹಿಡಿದು ಪೋಲೀಸಿನವರು ಹುಡುಕುತ್ತ ನಿಘಂಟಿನವರೆಗೆ ಬಂದರು. ಅಕ್ಟೋಬರಿನಿಂದ ವಿದ್ವಾಂಸರ ದಸ್ತಗಿರಿ ನಡೆಯಿತು. ಶಬ್ದಗಳನ್ನು ಕೂಡಿಸಿದುದು ರಾಜದ್ರೋಹವೆನಿಸಿತು. ಯಿ ಯುನ್‌ಜೇ, ಹಾನ್ ಜಿಂಗ್ ಎಂಬಿಬ್ಬರು ಹಾಮ್‌ಹುಂಗ್ ನಗರದ ಸೆರೆಮನೆಯಲ್ಲಿಯೇ ಕಣ್ಮುಚ್ಚಿದರು. ಹಸ್ತಪ್ರತಿಯೂ ಸಾಕ್ಷ್ಯವೆಂದು ಸೆರೆಯಾಯಿತು. ಶಿಕ್ಷೆಯ ಮೇಲೆ ಅಪೀಲು ಹೋದಾಗ ಅದನ್ನೂ ಸಿಯೋಲಿಗೆ ಸಾಗಿಸಲಾಯಿತು. 1945ರ ಆಗಸ್ಟ್ 13ರಂದು ಅಪೀಲು ವಜಾ ಆಯಿತು. ಎರಡೇ ದಿನಗಳ ಮೇಲೆ ಸಾಮ್ರಾಜ್ಯವೇ ವಜಾ ಆಯಿತು. ನಿಘಂಟು ಮಾತ್ರ, ಆಳುವವರೇ ಕಟ್ಟಿದ ನಿಲ್ದಾಣದಲ್ಲಿ, ಅವರಿಗೇ ಮರೆತುಹೋಗಿ ಉಳಿದುಕೊಂಡಿತ್ತು.

ಮೊದಲ ಸಂಪುಟವು 1947ರಲ್ಲಿ ಅಚ್ಚಾಯಿತು. 1950ರಲ್ಲಿ ಅಂತರ್ಯುದ್ಧ ಬಂದು ಸಿಯೋಲ್ ನಗರವು ಮತ್ತೆ ಮತ್ತೆ ಕೈಬದಲಾಯಿತು. ಆರನೆಯದೂ ಕೊನೆಯದೂ ಆದ ಸಂಪುಟವು ಹೊರಬಂದುದು 1957ರಲ್ಲಿ. ಅಷ್ಟು ಹೊತ್ತಿಗೆ ದೇಶವು ಇಬ್ಭಾಗವಾಗಿತ್ತು. ಸಂಘದ ಮುಂದಾಳುವೂ, ಎಲ್ಲರಿಗಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾದವನೂ ಆದ ಯಿ ಗುಕ್ನೊ 1948ರಲ್ಲಿ ಉತ್ತರಕ್ಕೆ ಹೋಗಿ ಅಲ್ಲಿಯೇ ನಿಂತನು. ಅವನ ಜೊತೆಗಾರರಲ್ಲಿ ಹಲವರು ದಕ್ಷಿಣದಲ್ಲಿ ಉಳಿದು ಪುಸ್ತಕವನ್ನು ಮುಗಿಸಿದರು. ಒಂದೇ ಸೆರೆಯಲ್ಲಿ ಕೂಡಿದ್ದವರನ್ನು ಸ್ವಾತಂತ್ರ್ಯವು ಅಗಲಿಸಿತು.

ಆದರೂ ಎರಡು ಕಡೆಯ ತಾಯಂದಿರೂ ಮಕ್ಕಳನ್ನು ಕರೆಯುವುದು ಒಂದೇ ನುಡಿಯಲ್ಲಿ. ಉತ್ತರ ದಕ್ಷಿಣಗಳ ವಿದ್ವಾಂಸರು 2005ರಲ್ಲಿ ಕೂಡಿ ಮತ್ತೊಂದು ನಿಘಂಟಿಗೆ ತೊಡಗಿದರು. ರಾಜಕಾರಣದ ಗಾಳಿ ಬೀಸಿದಂತೆಲ್ಲ ಆ ಕೆಲಸವು ನಿಂತು ನಿಂತು ನಡೆದಿದೆ. ಗಡಿಯನ್ನು ಒಂದು ರಾತ್ರಿಯಲ್ಲಿ ಎಳೆಯಬಹುದು. ಮಾತನ್ನು ಒಂದೊಂದಾಗಿ ಆರಿಸಿ ಕೂಡಿಸಬೇಕು. ಅದಕ್ಕೆ ಜೀವಮಾನಗಳೇ ಬೇಕು.