ಎರೆನೆಲದಲ್ಲಿ ನಿಂತ ಗಾಡಿ

ನಮ್ಮ ಕಾಲೇಜಿನ ಅಧ್ಯಾಪಕ ಮಿತ್ರರೊಬ್ಬರು ಕಳೆದ ಬೇಸಿಗೆಯ ರಜೆಯಲ್ಲಿ ಬಾಲ್ಕನ್ ಸೀಮೆಯ ಮಾಂಟೆನೀಗ್ರೋ ದೇಶಕ್ಕೆ ಹೋಗಿ ಬಂದರು. ಅಲ್ಲಿ ಕಾರೊಂದನ್ನು ಬಾಡಿಗೆಗೆ ಪಡೆದು, ತಾವೇ ಅದನ್ನು ನಡೆಸಿಕೊಂಡು, ಬೆಟ್ಟ, ಕೋಟೆ, ಕಡಲತೀರಗಳನ್ನೆಲ್ಲ ಸುತ್ತಿದರಂತೆ. ಒಂದು ಸಂಜೆ ನಮ್ಮ ಮನೆಗೆ ಬಂದು ಚಿತ್ರಗಳನ್ನು ತೋರಿಸುತ್ತ, ಆ ದೇಶದ ಹೆಸರಿಗೆ ‘ಕರಿಯ ಬೆಟ್ಟ’ ಎಂದೇ ಅರ್ಥವೆಂದು ವಿವರಿಸಿದರು. ಅವರು ಹೋದ ಮೇಲೆ ನನ್ನ ಶ್ರೀಮತಿ ಲೋಟಗಳನ್ನು ಎತ್ತಿಡುತ್ತ ಹೇಳಿದಳು: “ಕರಿಯ ಬೆಟ್ಟದವರೆಗೆ ಹೋಗುವುದು ನಮ್ಮ ಸಂಬಳಕ್ಕೆ ಆಗದ ಮಾತು. ಕರಿಯ ನೆಲದವರೆಗಾದರೂ ಹೋಗಿಬರೋಣವೇ?”

ಹೀಗೆ ಹುಟ್ಟಿತು ನಮ್ಮ ದಸರೆಯ ಪ್ರವಾಸ. ಮೈಸೂರಿನಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಬಂದಿಳಿದು, ಅಲ್ಲಿ ಐದು ದಿನಗಳ ಮಟ್ಟಿಗೆ ಒಂದು ಸಣ್ಣ ಕಾರನ್ನು ಬಾಡಿಗೆಗೆ ಪಡೆದೆವು. ಚಾಲಕನಿಲ್ಲದ ಗಾಡಿ, ನಾನೇ ಸಾರಥಿ. ಹಿಂದಿನ ಆಸನದಲ್ಲಿ ಒಂಬತ್ತು ವರ್ಷದ ಮಗಳು. ಪಕ್ಕದಲ್ಲಿ ಮೊಬೈಲಿನ ನಕ್ಷೆಯನ್ನು ಹಿಡಿದ ಶ್ರೀಮತಿ. ಇಂತಹ ಪ್ರಯಾಣದ ದೊಡ್ಡ ಸುಖವೆಂದರೆ ಸ್ವಾತಂತ್ರ್ಯ: ಮನಸ್ಸು ಬಂದಲ್ಲಿ ನಿಲ್ಲಬಹುದು, ಬೇಡವೆಂದಲ್ಲಿ ಮುಂದೆ ಸಾಗಬಹುದು. ಈ ಸ್ವಾತಂತ್ರ್ಯವನ್ನು ನಾವು ಎಷ್ಟು ಅವಿವೇಕದಿಂದ ಬಳಸುತ್ತೇವೆಂಬುದು ಮಾತ್ರ ನನಗೆ ಆಮೇಲೆ ತಿಳಿಯಿತು.

ಹುಬ್ಬಳ್ಳಿಯನ್ನು ಬಿಟ್ಟು ವಿಜಯಪುರದ ಹೆದ್ದಾರಿಯನ್ನು ಹಿಡಿದೊಡನೆ ನೆಲದ ಬಣ್ಣ ಬದಲಾಯಿತು. ನವಲಗುಂದ ದಾಟುವ ಹೊತ್ತಿಗೆ ಎಡಬಲಗಳಲ್ಲಿ ಕಣ್ಣಿಗೆ ಎಟುಕುವವರೆಗೂ ಎರೆಭೂಮಿ. ಮರಗಳು ವಿರಳ, ಆಕಾಶ ವಿಶಾಲ. ಕೆಲವು ಹೊಲಗಳಲ್ಲಿ ಹತ್ತಿ, ಗೋವಿನಜೋಳ. ಕೆಲವದರಲ್ಲಿ ಹಿಂಗಾರಿಯ ಜೋಳ, ಕಡಲೆಗಳ ಬಿತ್ತನೆ. ಸ್ವಲ್ಪ ಹೊತ್ತಿನಲ್ಲಿ ಸಮತಟ್ಟಾದ ಆ ಬಯಲಿನ ನಡುವೆ ನರಗುಂದದ ಗುಡ್ಡ ಮಲಗಿದ ಆನೆಯಂತೆ ಮೈದೋರಿತು.

“ಅಪ್ಪಾ, ಮೇಲೆ ಕೋಟೆ ಇದೆಯಾ? ಹತ್ತೋಣವಾ?” ಎಂದಳು ಮಗಳು.

“ಬಾದಾಮಿಯಲ್ಲಿ ಇದಕ್ಕಿಂತ ಚೆಂದದ ಕೋಟೆ ಇದೆ, ನಡಿ” ಎಂದು ನಾನು ಗಾಡಿಯ ವೇಗವನ್ನು ಹೆಚ್ಚಿಸಿದೆ. ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ಹೊರಳಿ ಬಾದಾಮಿಯ ದಾರಿ ಹಿಡಿದೆವು. ಪ್ರವಾಸಿಗಳೆಲ್ಲ ಮಾಡುವುದು ಹೀಗೆಯೇ.

ಬಾದಾಮಿಯನ್ನು ಕುರಿತು ಈ ಪತ್ರಿಕೆಯ ಓದುಗರಿಗೆ ನಾನು ಹೊಸದಾಗಿ ಹೇಳಬೇಕಾದದ್ದು ಸ್ವಲ್ಪ. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಕೋಟೆ ಕಟ್ಟಿದ ಬೆಟ್ಟ, 578ರಲ್ಲಿ ಮಂಗಳೇಶನು ಮುಗಿಸಿದ ಮೂರನೆಯ ಗುಹೆಯ ವೈಷ್ಣವ ಶಿಲ್ಪಗಳು, ಸಂಜೆಯ ಬೆಳಕಿನಲ್ಲಿ ಕೆಂಪಾಗುವ ಬಂಡೆಗಳನ್ನು ತನ್ನೊಳಗೆ ಇಳಿಸಿಕೊಳ್ಳುವ ಅಗಸ್ತ್ಯತೀರ್ಥ — ಇವು ಎಲ್ಲರೂ ಬಲ್ಲವು. ಕನ್ನಡದ ಅಧ್ಯಾಪಕನಾದ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮಾತ್ರ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ. ನಮಗೆ ದೊರೆತಿರುವ ತ್ರಿಪದಿಗಳಲ್ಲಿ ಅದರಷ್ಟು ಹಳೆಯವು ಇಲ್ಲ. ಅರಭಟ್ಟನು ಚಕ್ರವರ್ತಿಯಲ್ಲ, ದಿಗ್ವಿಜಯ ಮಾಡಿದವನಲ್ಲ. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕಠಿಣನು ಎಂಬಷ್ಟೇ ಅವನ ಹಿರಿಮೆ. ಅಷ್ಟಕ್ಕೇ ನಾಡು ಅವನ ಹೆಸರನ್ನು ಸುಮಾರು ಸಾವಿರದ ಮುನ್ನೂರು ವರ್ಷ ಕಲ್ಲಿನಲ್ಲಿ ಉಳಿಸಿಕೊಂಡಿದೆ. ಶಾಸನದ ಅಕ್ಷರಗಳನ್ನು ಮಗಳಿಗೆ ತೋರಿಸಿದಾಗ ಅವಳು, “ರಾಜನಲ್ಲದವನಿಗೂ ಕಲ್ಲು ಬರೆಸುತ್ತಿದ್ದರಾ?” ಎಂದು ಕೇಳಿದಳು. ಬರೆಸುತ್ತಿದ್ದರು ಎಂದೆ. ಆ ಪ್ರಶ್ನೆ ಮತ್ತೆ ಎದುರಾಗುವುದೆಂದು ಆಗ ಎಣಿಸಿರಲಿಲ್ಲ.

ಮರುದಿನ ಪಟ್ಟದಕಲ್ಲು ಮತ್ತು ಐಹೊಳೆ. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇಗುಲವನ್ನೂ, ಅದರ ಬದಿಯಲ್ಲೇ ಅವಳ ತಂಗಿ ತ್ರೈಲೋಕ್ಯಮಹಾದೇವಿಯ ಮಲ್ಲಿಕಾರ್ಜುನ ದೇಗುಲವನ್ನೂ ನೋಡಿದೆವು. 1987ರಲ್ಲಿ ಯುನೆಸ್ಕೋ ಈ ಗುಡಿಗಳ ಸಮೂಹವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆಯೇ ಮಲಪ್ರಭೆ ಉತ್ತರಾಭಿಮುಖಳಾಗಿ ಶಾಂತಳಾಗಿ ಹರಿಯುತ್ತಿದ್ದಳು. ಈ ನದಿಯೇ 2019ರ ಆಗಸ್ಟಿನಲ್ಲಿ ಉಕ್ಕಿ ದೇಗುಲಗಳ ಅಂಗಳಕ್ಕೆ ನುಗ್ಗಿದಳೆಂದರೆ ನಂಬುವುದು ಕಷ್ಟವಾಗಿತ್ತು. ಐಹೊಳೆಯಲ್ಲಿ ಮೇಗುತಿಯ ಗುಡ್ಡವೇರಿ ರವಿಕೀರ್ತಿಯ ಕ್ರಿ.ಶ. 634ರ ಶಾಸನಕ್ಕೆ ನಮಸ್ಕರಿಸಿದೆವು.

ಮೂರನೆಯ ದಿನ ಬಂದ ದಾರಿಯಲ್ಲೇ ಹಿಂದಿರುಗಬಾರದೆಂದು ಗಜೇಂದ್ರಗಡದ ಕಡೆ ತಿರುಗಿದೆವು. ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ಕೈ ತಿರುಗಿಸುತ್ತಿದ್ದವು. ಮರಾಠರು ಮತ್ತು ನಿಜಾಮ ಒಂದು ಪಕ್ಷವಾಗಿ ಟೀಪೂ ಸುಲ್ತಾನನೊಡನೆ 1787ರಲ್ಲಿ ಒಪ್ಪಂದ ಮಾಡಿಕೊಂಡದ್ದು ಈ ಊರಿನಲ್ಲಿ. ಕಾಲಕಾಲೇಶ್ವರನ ದರ್ಶನ ಮುಗಿಸಿ ಸೂಡಿಗೆ ಬಂದೆವು. ಎರಡು ಶಿಖರಗಳ ಜೋಡುಕಳಸದ ಗುಡಿ, ಮೆಟ್ಟಿಲಿಳಿದು ನೀರು ಮುಟ್ಟುವ ನಾಗಕುಂಡ — ಹನ್ನೊಂದನೆಯ ಶತಮಾನದ ಕಲ್ಯಾಣ ಚಾಳುಕ್ಯರ ಕಾಲದ ಈ ಸೊಬಗನ್ನು ಆ ಮಧ್ಯಾಹ್ನ ನೋಡುತ್ತಿದ್ದವರು ನಾವು ಮೂವರೇ. ಬಾದಾಮಿಯ ಜನಜಂಗುಳಿ ಕಂಡವರಿಗೆ ಸೂಡಿಯ ನೀರವತೆ ಒಂದು ವರ.

ರೋಣವನ್ನು ದಾಟಿ ನರಗುಂದದ ಕಡೆಗೆ ಬರುತ್ತಿದ್ದಾಗ ಸಂಜೆಯಾಗುತ್ತಿತ್ತು. ಹಿಂದಿನ ರಾತ್ರಿ ಅಲ್ಲೆಲ್ಲ ಒಳ್ಳೆಯ ಮಳೆಯಾಗಿತ್ತು. ಮೊಬೈಲಿನ ನಕ್ಷೆ ಒಂದು ಒಳದಾರಿಯನ್ನು ತೋರಿಸಿತು. ಕಾಲು ಗಂಟೆ ಉಳಿಯುವುದೆಂಬ ಆಸೆಗೆ ನಾನು ಅದನ್ನೇ ಹಿಡಿದೆ. ಡಾಂಬರು ಮುಗಿದು ಕಲ್ಲುದಾರಿಯಾಯಿತು. ಕಲ್ಲು ಮುಗಿದು ಬರೀ ಎರೆಯಾಯಿತು. ಮುಂದಿನ ಗಾಲಿಗಳು ಒಮ್ಮೆ ಜಾರಿದವು, ಅನಂತರ ಹೂತವು. ನಾನು ಯಂತ್ರವನ್ನು ಒತ್ತಾಯಿಸಿದಷ್ಟೂ ನೆಲ ನಮ್ಮನ್ನು ಒಳಗೆ ಎಳೆದುಕೊಂಡಿತು. ಇಳಿದು ತಳ್ಳಲು ಹೋದರೆ ಚಪ್ಪಲಿಗಳು ಕೆಸರಿನಲ್ಲಿ ಉಳಿದು ಪಾದಗಳು ಮಾತ್ರ ಹೊರಬಂದವು. ಕತ್ತಲಾಗುತ್ತಿತ್ತು. ಮಗಳು ಅಳುವುದೋ ನಗುವುದೋ ತಿಳಿಯದೆ ನಿಂತಿದ್ದಳು. ಶ್ರೀಮತಿಯಂತೂ ನನ್ನ ಮುಖ ನೋಡಲಿಲ್ಲ.

ದೂರದ ಹೊಲದಿಂದ ಇಬ್ಬರು ಬಂದರು. ಹಿರಿಯರಿಗೆ ಅರವತ್ತು ದಾಟಿತ್ತು. ತಲೆಗೆ ಬಿಳಿಯ ರುಮಾಲು. ಜೊತೆಯವನು ಅವರ ಮಗ.

“ಮಳಿ ಆಗಿ ಒಂದ ದಿನಾನೂ ಆಗಿಲ್ಲ, ಎರಿಯಾಗ ಗಾಡಿ ಇಳಿಸೀರಲ್ರೀ ಸರ! ಈ ದಾರಿ ಯಾರ ಹೇಳಿದ್ರಿ ನಿಮಗ?”

“ಮೊಬೈಲು” ಎಂದೆ.

“ಮೊಬೈಲಿಗೆ ಎರಿ ಗೊತ್ತಿಲ್ಲ ಬಿಡ್ರಿ” ಎಂದು ಅವರು ನಕ್ಕರು. ಮಗ ಹೋಗಿ ಟ್ರ್ಯಾಕ್ಟರ್ ತಂದ. ಹಗ್ಗ ಕಟ್ಟಿ ನಮ್ಮ ಗಾಡಿಯನ್ನು ಗಟ್ಟಿ ದಾರಿಗೆ ಎಳೆಯುವಷ್ಟರಲ್ಲಿ ರಾತ್ರಿಯಾಗಿತ್ತು. ನಾನು ಜೇಬಿಗೆ ಕೈ ಹಾಕಿದ್ದನ್ನು ಕಂಡು ಹಿರಿಯರು, “ರೊಕ್ಕ ಅಲ್ಲೇ ಇರ್ಲಿ. ಕೂಸಿಗೆ ಹಸಿವಾಗಿರತೈತಿ. ಮನೀಗೆ ನಡೀರಿ, ಅಕ್ಕಾರ” ಎಂದು ನನ್ನ ಶ್ರೀಮತಿಯ ಕಡೆಗೆ ತಿರುಗಿ ನಡೆದೇಬಿಟ್ಟರು. ಊರಿನ ಹೆಸರು ಆಗ ತಿಳಿಯಿತು: ಚಿಕ್ಕನರಗುಂದ.

ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಬಿಸಿ ಜೋಳದ ರೊಟ್ಟಿ, ಬದನೆಕಾಯಿಯ ಪಲ್ಯ, ಶೇಂಗಾ ಚಟ್ನಿ, ಕೆನೆಗಟ್ಟಿದ ಮೊಸರು. ಮಗಳು ಮೂರು ದಿನ ಹೋಟೆಲುಗಳಲ್ಲಿ ತಿಂದದ್ದನ್ನೆಲ್ಲ ಮರೆತು ಉಂಡಳು. ಊಟವಾದ ಮೇಲೆ ನಾನು ಬಾದಾಮಿ, ಪಟ್ಟದಕಲ್ಲುಗಳನ್ನು ನೋಡಿ ಬಂದೆವೆಂದು ಹೇಳಿದೆ. ಅಜ್ಜ ತಲೆಯಾಡಿಸಿದರು.

“ಚೊಲೊ ಆತ್ರಿ. ನರಗುಂದದಾಗ ಏನ್ ನೋಡಿದ್ರಿ?”

ನಿಲ್ಲಲಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ಅವರು ಬೇಸರಿಸಲಿಲ್ಲ. “ಎಲ್ಲಾರೂ ಹಂಗ ಹೊಕ್ಕಾರ್ರಿ” ಎಂದಷ್ಟೇ ಹೇಳಿ, ತಾವು ಇಪ್ಪತ್ತರ ತರುಣರಾಗಿದ್ದಾಗ ಕಂಡದ್ದನ್ನು ಹೇಳತೊಡಗಿದರು.

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಈ ಬಯಲುಸೀಮೆಯ ಜನ ದೇವರೇ ಬಂದಂತೆ ಹಿಗ್ಗಿದ್ದರು. ಜೋಳ ಬೆಳೆಯುತ್ತಿದ್ದವರು ಕಾಲುವೆಯನ್ನು ನಂಬಿ ಹತ್ತಿಗೆ ಹೊರಳಿದರು. ಧಾರವಾಡದಲ್ಲಿ 1972ರಲ್ಲಿ ಸಿದ್ಧವಾದ ‘ವರಲಕ್ಷ್ಮಿ’ ತಳಿ ಮನೆಮಾತಾಯಿತು. ಸ್ವಲ್ಪ ಕಾಲ ಹಣ ಓಡಾಡಿತು. ಆಮೇಲೆ ಗೊಬ್ಬರದ ಬೆಲೆ ಏರಿತು, ಹತ್ತಿಯ ಬೆಲೆ ಇಳಿಯಿತು, ಸಾಲ ಬೆಳೆಯಿತು. ಅದರ ಮೇಲೆ ನೀರಿನ ಕರ. ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿತೆಂದು ಸರಕಾರ ಹಾಕಿದ ಅಭಿವೃದ್ಧಿ ಕರ. “ನೀರು ಬರೂಕಿಂತ ಮೊದಲ ನೋಟೀಸು ಬಂತ್ರಿ” ಎಂದರು ಅಜ್ಜ.

1980ರ ಜುಲೈ 21ರಂದು ನರಗುಂದದಲ್ಲಿ ರೈತರು ಸರಕಾರಿ ಕಚೇರಿಯ ಮುಂದೆ ಸೇರಿದರು. ಗೋಲೀಬಾರು ನಡೆಯಿತು. ಸತ್ತವನು ಇದೇ ಚಿಕ್ಕನರಗುಂದದ ರೈತ ವೀರಪ್ಪ ಕಡ್ಲಿಕೊಪ್ಪ; ಊರವರ ಬಾಯಲ್ಲಿ ಈರಪ್ಪ. ಕೆರಳಿದ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಅದೇ ದಿನ ನವಲಗುಂದದಲ್ಲಿಯೂ ರೈತನೊಬ್ಬ ಗುಂಡಿಗೆ ಬಲಿಯಾದ. ಕಿಚ್ಚು ರಾಜ್ಯವೆಲ್ಲ ಹಬ್ಬಿತು. ಆ ವರ್ಷವೇ ಕರ್ನಾಟಕ ರಾಜ್ಯ ರೈತಸಂಘ ಹುಟ್ಟಿತು. ಇದಿಷ್ಟು ನನಗೂ ಪುಸ್ತಕಗಳಿಂದ ಗೊತ್ತಿತ್ತು. ಆದರೆ ಅಜ್ಜ ಅದನ್ನು ಇತಿಹಾಸವೆಂದು ಹೇಳುತ್ತಿರಲಿಲ್ಲ. ಆ ಸಂಜೆ ಊರಿನಲ್ಲಿ ಯಾರ ಮನೆಯ ಒಲೆಯೂ ಹೊತ್ತಲಿಲ್ಲವೆಂದು ಹೇಳಿ ಸುಮ್ಮನಾದರು. ಪೊಲೀಸರ ವಿಷಯವನ್ನು ನಾನು ಕೇಳಿದಾಗ, “ಅವರೂ ಯಾರೋ ರೈತರ ಮಕ್ಕಳ ಇದ್ರ್ರಿ” ಎಂದರು.

“ಈಗ ನೀರು ಸಾಕಷ್ಟು ಬರುತ್ತದೆಯೇ, ಅಜ್ಜಾ?” ಎಂದು ಶ್ರೀಮತಿ ಕೇಳಿದಳು.

ಮಗ ಉತ್ತರ ಕೊಟ್ಟ. ಮಲಪ್ರಭೆಯ ಅಣೆಕಟ್ಟು ಎಷ್ಟೋ ವರ್ಷ ತುಂಬುವುದೇ ಇಲ್ಲ. ಅದಕ್ಕೆಂದೇ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಹದಾಯಿಯ ಕಡೆಯಿಂದ ತಿರುಗಿಸಬೇಕೆಂದು 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಆರಂಭವಾಯಿತು. ಅದು ವರ್ಷಗಟ್ಟಲೆ ನಡೆಯಿತು. ನ್ಯಾಯಮಂಡಳಿ 2018ರಲ್ಲಿ ಆ ಎರಡು ಹಳ್ಳಗಳಿಂದ 3.9 ಟಿ.ಎಂ.ಸಿ. ನೀರು ತಿರುಗಿಸಲು ಒಪ್ಪಿತು. 2020ರಲ್ಲಿ ಗೆಜೆಟ್ಟಿನಲ್ಲಿಯೂ ಪ್ರಕಟವಾಯಿತು. “ಕಾಗದ ಬಂದೈತ್ರಿ, ನೀರು ಬಂದಿಲ್ಲ” ಎಂದ ಅವನು. ತಂದೆಯ ಮಾತಿಗೂ ಮಗನ ಮಾತಿಗೂ ನಡುವೆ ನಾಲ್ಕು ದಶಕಗಳಿದ್ದವು. ಮಾತು ಮಾತ್ರ ಬದಲಾಗಿರಲಿಲ್ಲ.

ಆ ರಾತ್ರಿ ನರಗುಂದದ ವಸತಿಗೃಹವೊಂದರಲ್ಲಿ ತಂಗಿ, ಬೆಳಗಾಗುತ್ತಲೇ ಗುಡ್ಡ ಹತ್ತಿದೆವು. 1674ರಲ್ಲಿ ಶಿವಾಜಿ ಕಟ್ಟಿಸಿದನೆನ್ನುವ ಈ ಕೋಟೆಯಲ್ಲಿ ಈಗ ಉಳಿದಿರುವುದು ಅವಶೇಷಗಳಷ್ಟೆ. ಆದರೆ ಅಲ್ಲಿ ನಿಂತರೆ ಸುತ್ತಲೂ ಬಿಚ್ಚಿಕೊಳ್ಳುವ ಕರಿಯ ಬಯಲು ಯಾವ ಬಾಲ್ಕನ್ ಕಣಿವೆಗೂ ಸೋಲುವುದಲ್ಲ. ಇಲ್ಲಿಯ ಕೊನೆಯ ಅರಸ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ಮಕ್ಕಳಿಲ್ಲದ ಅವನಿಗೆ ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಅನುಮತಿ ಕೊಡಲಿಲ್ಲ, ಶಸ್ತ್ರಗಳನ್ನೂ ಒಪ್ಪಿಸೆಂದಿತು. 1858ರ ಮೇ 29ರ ರಾತ್ರಿ ಸಮೀಪದ ಸುರೇಬಾನದಲ್ಲಿ ಬಾಬಾಸಾಹೇಬನ ಪಡೆ ರಾಜಕೀಯ ಪ್ರತಿನಿಧಿ ಮ್ಯಾನ್ಸನ್ನನನ್ನು ಕೊಂದಿತು. ಎರಡು ವಾರಗಳೊಳಗೆ, ಜೂನ್ 12ರಂದು, ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಮುಳುಗಿ ಪ್ರಾಣ ಬಿಟ್ಟರು.

ಮೇಲೆ ಗಾಳಿ ಬೀಸುತ್ತಿತ್ತು. ಪಟ್ಟದಕಲ್ಲಿನಲ್ಲಿ ರಾಣಿಯರ ಗುಡಿಗಳ ಹಿಂದೆ ಹರಿದದ್ದು, ಬಾಬಾಸಾಹೇಬನ ಮನೆಯವರನ್ನು ತನ್ನೊಳಗೆ ಸೇರಿಸಿಕೊಂಡದ್ದು, ಈರಪ್ಪನ ಹೊಲಕ್ಕೆ ಬರುವುದೆಂದು ನಂಬಿಸಿದ್ದು — ಎಲ್ಲ ಒಂದೇ ನದಿ. ಆ ನದಿಯ ದಡದಲ್ಲಿ ಎರಡು ದಿನ ಕಳೆದಿದ್ದರೂ ನನಗೆ ಅದರ ಅರ್ಧ ಕಥೆ ಮಾತ್ರ ತಿಳಿದಿತ್ತು. ‘ನರಗುಂದದ ಬಂಡಾಯ’ ಎಂದರೆ ಹಳಬರು 1858 ಎನ್ನುತ್ತಾರೆ, ಈ ಸೀಮೆಯ ರೈತರು 1980 ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ.

ಗುಡ್ಡ ಇಳಿದು ಬಂದು ಊರಿನಲ್ಲಿ ಹುತಾತ್ಮ ರೈತನ ವೀರಗಲ್ಲನ್ನು ಕೇಳಿಕೊಂಡು ಹೋದೆವು. ಪ್ರತಿವರ್ಷ ಜುಲೈ 21ರಂದು ರೈತರು ಇಲ್ಲಿಗೆ ಬಂದು ಮಾಲೆ ಹಾಕುತ್ತಾರೆ. ನಾವು ಹೋದಾಗ ಯಾರೂ ಇರಲಿಲ್ಲ. ವಾಹನಗಳು ಓಡಾಡುತ್ತಿದ್ದವು. ಮೂರು ದಿನಗಳ ಹಿಂದೆ ನಾವೂ ಅವುಗಳಂತೆಯೇ ಈ ಊರನ್ನು ದಾಟಿ ಹೋಗಿದ್ದೆವು. ಮಗಳು ಸ್ವಲ್ಪ ಹೊತ್ತು ನೋಡಿ, “ಇವರೂ ರಾಜನಲ್ಲ, ಅಲ್ಲವಾ ಅಪ್ಪಾ?” ಎಂದಳು. ಅವಳಿಗೆ ಬಾದಾಮಿಯ ಬಂಡೆ ನೆನಪಿತ್ತು.

ಹುಬ್ಬಳ್ಳಿಯಲ್ಲಿ ಗಾಡಿಯನ್ನು ಹಿಂದಿರುಗಿಸುವಾಗ ಅದರ ಅಡಿಗೆ ಒಣಗಿ ಕಲ್ಲಾಗಿದ್ದ ಎರೆಯನ್ನು ಕಂಡು ಅಲ್ಲಿಯವರು ತೊಳೆಯುವ ಖರ್ಚೆಂದು ಐನೂರು ರೂಪಾಯಿ ಹೆಚ್ಚಿಗೆ ಹಿಡಿದುಕೊಂಡರು. ಚರ್ಚೆ ಮಾಡದೆ ಕೊಟ್ಟೆ. ನಮ್ಮ ಪ್ರವಾಸದಲ್ಲಿ ಅಷ್ಟು ಅಗ್ಗವಾಗಿ ದೊರೆತದ್ದು ಬೇರೊಂದಿಲ್ಲ.

ಆ ಕಡೆಗೆ ಹೋಗಬೇಕೆಂದಿರುವ ಓದುಗರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಹಿತ. ಆಗ ಹೊಲಗಳಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ಮಳೆಯಾದ ಮರುದಿನ, ನಕ್ಷೆ ಏನೇ ಹೇಳಲಿ, ಎರೆಯ ದಾರಿಗೆ ಇಳಿಯಬೇಡಿ. ಆದರೆ ಕುಳಗೇರಿ ಕ್ರಾಸಿಗೆ ಹೋಗುವ ಮೊದಲು ನರಗುಂದದಲ್ಲಿ ಗಾಡಿ ನಿಲ್ಲಿಸಿ. ನಮ್ಮನ್ನು ಕೆಸರು ನಿಲ್ಲಿಸಿತು. ನೀವು ನೀವಾಗಿಯೇ ನಿಲ್ಲಬಹುದು.