ಅಮಾನತು ಮತ್ತು ನ್ಯಾಸ

'ಅಮಾನತು' ಎಂದೊಡನೆ ಇಂದಿನ ಓದುಗರಿಗೆ ನೌಕರಿಯಿಂದ ತಡೆಹಿಡಿಯಲ್ಪಟ್ಟ ಅಧಿಕಾರಿಯ ಚಿತ್ರ ಮೂಡುತ್ತದೆ. ಆದರೆ ನಿಜಾಮರ ಆಡಳಿತಕ್ಕೆ ಒಳಪಟ್ಟಿದ್ದ ನಮ್ಮ ಕಲಬುರಗಿ ಸೀಮೆಯಲ್ಲಿ ಈ ಅರಬ್ಬಿ ಮೂಲದ ಪದಕ್ಕೆ ಇನ್ನೊಂದು ಅರ್ಥವುಂಟು. ಒಬ್ಬರು ನಂಬಿ ಇನ್ನೊಬ್ಬರ ವಶದಲ್ಲಿರಿಸಿದ ವಸ್ತುವೇ ಅಮಾನತು. ಸಂಸ್ಕೃತದಲ್ಲಿ ಇದಕ್ಕೆ 'ನ್ಯಾಸ' ಎನ್ನುತ್ತಾರೆ.

ಯಡ್ರಾಮಿಯು ಆಗ ಜೇವರ್ಗಿ ತಾಲ್ಲೂಕಿಗೆ ಸೇರಿತ್ತು. ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಅಲ್ಲಿ ನಮ್ಮ ತಂದೆಯವರು ತೊಗರಿ, ಜೋಳಗಳ ಅಡತಿ ವ್ಯಾಪಾರ ಮಾಡುತ್ತಿದ್ದರು. ನೆರೆಯ ಮುಸಲ್ಮಾನ ಕುಟುಂಬದ ಹಿರಿಯರು ಹಜ್ ಯಾತ್ರೆಗೆ ಹೊರಟಾಗ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ತಂದೆಯವರ ಕೈಗೆ ಒಪ್ಪಿಸಿ ಹೋಗಿದ್ದರು. ತಂದೆಯವರು ಅದನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಹೆಸರು ಬರೆದ ಚೀಟಿ ಹೊಲಿಸಿ, ಅಂಗಡಿಯ ಗಲ್ಲಾದಿಂದ ದೂರ, ಮನೆಯ ಪೆಟ್ಟಿಗೆಯಲ್ಲಿಟ್ಟರು. ಆ ವರ್ಷ ಖರೀದಿಯ ಸಮಯದಲ್ಲಿ ಹಣ ಸಾಲದೆ ಬಡ್ಡಿಗೆ ಸಾಲ ತಂದರೇ ಹೊರತು ಚೀಲದ ಗಂಟನ್ನು ಬಿಚ್ಚಲಿಲ್ಲ. ಎರಡು ವಾರದ ಮಟ್ಟಿಗೆ ಬಳಸಿದರೆ ಯಾರಿಗೆ ತಿಳಿಯುತ್ತದೆಂದು ತಾಯಿಯವರು ಕೇಳಿದಾಗ, "ನನಗೆ ತಿಳಿಯುತ್ತದಲ್ಲ" ಎಂದಷ್ಟೇ ಹೇಳಿದ್ದರು.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳ ವಿವರಣೆಯಿದೆ. ಇಟ್ಟ ಹಣವನ್ನು ಲಪಟಾಯಿಸುವ ದೋಷಕ್ಕೆ ಅಲ್ಲಿ 'ನ್ಯಾಸಾಪಹಾರ' ಎಂದು ಹೆಸರು. ಗಮನಾರ್ಹ ಸಂಗತಿಯೆಂದರೆ ಅದನ್ನು ಅಚೌರ್ಯ ವ್ರತದ ಅಡಿಯಲ್ಲಿ ಹೇಳಿಲ್ಲ. ಸತ್ಯ ವ್ರತದ ಅಡಿಯಲ್ಲಿ, ಸುಳ್ಳು ಬರಹವಾದ 'ಕೂಟಲೇಖಕ್ರಿಯೆ'ಯ ಜೊತೆಯಲ್ಲಿ ಹೇಳಿದೆ. ನಂಬಿಸಿ ಪಡೆದ ಹಣ ಕೈಬಿಟ್ಟು ಹೋಗುವ ಮುನ್ನ ಮಾತು ಕೆಡುತ್ತದೆ, ಅನಂತರ ಲೆಕ್ಕ ಕೆಡುತ್ತದೆ ಎಂಬ ಅನುಭವ ಇದರ ಹಿಂದಿರಬೇಕೆಂದು ನನಗೆ ತೋರುತ್ತದೆ.

ಈ ವಿಚಾರವು ಇತ್ತೀಚಿನ ವರ್ಷಗಳಲ್ಲಿ ನನ್ನನ್ನು ಕಾಡಿದ್ದು ಇಸ್ಲಾಮೀ ಬ್ಯಾಂಕಿಂಗ್ ಕುರಿತು ಓದುವಾಗ. ಬಡ್ಡಿಯನ್ನು, ಅಂದರೆ 'ರಿಬಾ'ವನ್ನು ನಿಷಿದ್ಧವೆಂದು ಬಗೆದ ಸಮಾಜವು ವ್ಯಾಪಾರದ ಲಾಭವನ್ನು ಹಂಚಿಕೊಳ್ಳುವ ಮಾರ್ಗವನ್ನು ರೂಪಿಸಿಕೊಂಡಿತು. 'ಮುದಾರಬಾ' ಎಂಬ ಒಪ್ಪಂದದಲ್ಲಿ ಒಬ್ಬನದು ಬಂಡವಾಳ, ಇನ್ನೊಬ್ಬನದು ದುಡಿಮೆ. ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ನಷ್ಟವಾದರೆ ಹಣ ಹಾಕಿದವನು ಹಣವನ್ನೂ, ದುಡಿದವನು ಶ್ರಮವನ್ನೂ ಕಳೆದುಕೊಳ್ಳುತ್ತಾನೆ. ದುಡಿದವನ ಅಲಕ್ಷ್ಯದಿಂದ ನಷ್ಟವಾಗಿದ್ದರೆ ಅವನೇ ಹೊಣೆ. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಆರಂಭವಾದ ಮೇಲೆ ಈ ತತ್ತ್ವವು ಆಧುನಿಕ ಬ್ಯಾಂಕಿನ ರೂಪ ಪಡೆಯಿತು.

ಇಲ್ಲಿ ಆಡಳಿತದ ಕಠಿಣ ಪ್ರಶ್ನೆಯೊಂದು ಏಳುತ್ತದೆ. ಹಣ ಹಾಕಿದವನು ಷೇರುದಾರನಂತೆ ನಷ್ಟವನ್ನು ಹೊರುತ್ತಾನೆ, ಆದರೆ ಷೇರುದಾರನಂತೆ ಮತ ಹಾಕುವ ಹಕ್ಕು ಅವನಿಗಿಲ್ಲ. ವ್ಯವಹಾರವು ಶರಿಯತ್ತಿಗೆ ಸಮ್ಮತವೇ ಎಂದು ನೋಡಲು ವಿದ್ವಾಂಸರ ಮಂಡಳಿ ಇರುತ್ತದೆ; ಆದರೆ ಅವರಿಗೆ ಸಂಭಾವನೆ ಕೊಡುವುದು ಆ ಬ್ಯಾಂಕೇ. ಈ ಕೊರತೆಗಳನ್ನು ಅಲ್ಲಿನ ಚಿಂತಕರು ಮರೆಮಾಚಿಲ್ಲ. 1991ರಲ್ಲಿ ಬಹರೈನಿನಲ್ಲಿ ಲೆಕ್ಕಪತ್ರಗಳ ಮಾನದಂಡ ರೂಪಿಸುವ ಸಂಸ್ಥೆ ನೋಂದಣಿಯಾಯಿತು. 1997ರಲ್ಲಿ ಮಲೇಷ್ಯಾದ ಕೇಂದ್ರ ಬ್ಯಾಂಕ್ ತನ್ನದೇ ಶರಿಯಾ ಸಲಹಾ ಮಂಡಳಿಯನ್ನು ನೇಮಿಸಿತು. ಕೌಲಾಲಂಪುರದ ಇಸ್ಲಾಮಿಕ್ ಫೈನಾನ್ಷಿಯಲ್ ಸರ್ವಿಸಸ್ ಬೋರ್ಡ್ 2006ರಲ್ಲಿ ಆಡಳಿತದ ಮಾರ್ಗಸೂಚಿಗಳನ್ನು ಪ್ರಕಟಿಸಿತು.

ಭಾರತದಲ್ಲಿ ಇಂತಹ ಬ್ಯಾಂಕಿಗೆ ಪರವಾನಗಿ ದೊರೆತಿಲ್ಲ. 2008ರಲ್ಲಿ ರಘುರಾಮ್ ರಾಜನ್ ನೇತೃತ್ವದ ಸಮಿತಿಯು ಬಡ್ಡಿರಹಿತ ಬ್ಯಾಂಕಿಂಗ್ ಕುರಿತು ಶಿಫಾರಸು ಮಾಡಿತ್ತು. 2017ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಈ ಪ್ರಸ್ತಾಪವನ್ನು ಮುಂದುವರಿಸದಿರಲು ನಿರ್ಧರಿಸಿತು. ಬಡ್ಡಿಯನ್ನು ಬಯಸದ ಶ್ರದ್ಧಾವಂತರ ಉಳಿತಾಯಕ್ಕೆ ನಿಯಂತ್ರಣದ ನೆರಳಿನಲ್ಲಿ ತಾಣವಿಲ್ಲದಾಯಿತು. ಆ ತೆರಪಿನಲ್ಲಿ ಬೆಳೆದದ್ದು ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ.

2006ರಲ್ಲಿ ಮೊಹಮ್ಮದ್ ಮನ್ಸೂರ್ ಖಾನ್ ಸ್ಥಾಪಿಸಿದ ಈ ಸಂಸ್ಥೆಯು ಹೂಡಿಕೆದಾರರನ್ನು ಪಾಲುದಾರರೆಂದು ಕರೆದು, ಹಲಾಲ್ ಲಾಭವೆಂದು ಹಣ ಹಂಚುತ್ತಿತ್ತು. ಆಭರಣ ಮಳಿಗೆ ನಡೆಸಿತು, ಶಿವಾಜಿನಗರದ ಸರಕಾರಿ ಶಾಲೆಯೊಂದನ್ನು ಜೀರ್ಣೋದ್ಧಾರ ಮಾಡಿಸಿ ಹೆಸರು ಗಳಿಸಿತು. 2019ರ ಜೂನ್ ತಿಂಗಳಲ್ಲಿ, ರಂಜಾನ್ ಹಬ್ಬದ ಬೆನ್ನಿಗೇ, ಕಚೇರಿಯ ಬಾಗಿಲು ಮುಚ್ಚಿತು. ಮುಖ್ಯಸ್ಥರು ದುಬೈಗೆ ತೆರಳಿದ್ದರು. ಜುಲೈ 19ರಂದು ದೆಹಲಿಯಲ್ಲಿ ಬಂಧಿತರಾದರು. ದೂರು ಕೊಟ್ಟವರು 40,000ಕ್ಕೂ ಹೆಚ್ಚು. ಹಗರಣದ ಮೊತ್ತ ಸುಮಾರು 4,000 ಕೋಟಿ ರೂಪಾಯಿ ಎಂದು ಹೇಳಲಾಯಿತು. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಕೊಡಲಾಗುತ್ತಿತ್ತೆಂಬುದು ತನಿಖೆಯ ಆರೋಪ. ದೂರುಗಳನ್ನು ವಿಚಾರಿಸಬೇಕಿದ್ದ ಸರಕಾರಿ ಅಧಿಕಾರಿಗಳ ಮೇಲೂ ಲಂಚದ ಆರೋಪ ಬಂದಿತು.

ತೊಗರಿಯ ವ್ಯಾಪಾರ ಬಲ್ಲವರಿಗೆ ಒಂದು ಮಾತು ಗೊತ್ತು: ನಿಜವಾದ ವ್ಯಾಪಾರದಲ್ಲಿ ಲಾಭ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ, ಕೆಲವೊಮ್ಮೆ ನಷ್ಟವೂ ಬರುತ್ತದೆ. ನಷ್ಟವನ್ನೇ ಕಾಣದೆ ಮಾಸಮಾಸವೂ ಶೇಕಡಾ 2.5 ಅಥವಾ 3ರಂತೆ ಬರುವ ಹಣಕ್ಕೆ ಲಾಭವೆಂಬ ಹೆಸರು ಒಪ್ಪುವುದಿಲ್ಲ. ಮುದಾರಬಾದ ನಿಯಮವೂ ಇದನ್ನೇ ಹೇಳುತ್ತದೆ. ಐಎಂಎ ವಿಷಯದಲ್ಲಿ ಜನರನ್ನು ಸಂಕಟಕ್ಕೆ ದೂಡಿದ್ದು ಇಸ್ಲಾಮೀ ತತ್ತ್ವವಲ್ಲ. ಆ ತತ್ತ್ವದ ಹೆಸರನ್ನಿಟ್ಟುಕೊಂಡು ಅದರ ಲೆಕ್ಕವನ್ನು ಬಿಟ್ಟದ್ದು.

ಇದನ್ನು ಓದಿ ಪರಧರ್ಮದ ದೋಷವೆಂದು ನಿಟ್ಟುಸಿರಿಡುವುದು ಸರಿಯಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಖಾತೆದಾರರು 35,000 ರೂಪಾಯಿಗಿಂತ ಹೆಚ್ಚು ಪಡೆಯುವಂತಿರಲಿಲ್ಲ. ಅದೂ ಪೂಜ್ಯ ನಾಮವನ್ನೇ ಹೊತ್ತಿತ್ತು. ವ್ಯತ್ಯಾಸವೊಂದಿತ್ತು: ಅದು ಪರವಾನಗಿಯುಳ್ಳ ಬ್ಯಾಂಕ್ ಆದುದರಿಂದ ಠೇವಣಿ ವಿಮೆಯ ಆಸರೆಯಿತ್ತು; ಆ ವಿಮೆಯ ಮಿತಿಯು 2020ರ ಫೆಬ್ರವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಐಎಂಎ ಹೂಡಿಕೆದಾರರಿಗೆ ಅಂತಹ ಆಸರೆ ಇರಲಿಲ್ಲ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾಯಿದೆ 2019ರಲ್ಲೇ ಬಂದಿತಾದರೂ, ಈ ಜನರ ಹಣ ಅಷ್ಟರಲ್ಲಿ ಕೈತಪ್ಪಿತ್ತು.

ನಮ್ಮ ಬಸದಿಗಳ, ಛತ್ರಗಳ, ವಿದ್ಯಾನಿಧಿಗಳ ವಿಶ್ವಸ್ತರ ಮುಂದೆ ಈ ಪ್ರಶ್ನೆಗಳನ್ನಿಡುವುದು ನನ್ನ ಉದ್ದೇಶ. ಜೀರ್ಣೋದ್ಧಾರಕ್ಕೆ ಬಂದ ದಾನವು ನಿತ್ಯಖರ್ಚಿನ ಖಾತೆಯಲ್ಲಿ ಬೆರೆತಿದೆಯೆ? ಹಣ ತೆಗೆಯಲು ಒಂದೇ ಮನೆತನದ ಇಬ್ಬರ ಸಹಿ ಸಾಕೆ? ಲೆಕ್ಕ ಪರಿಶೋಧಕರು ಅಧ್ಯಕ್ಷರ ಬಂಧುವೆ? ವರ್ಷದ ಜಮಾಖರ್ಚು ದಾನಿಗಳ ಕಣ್ಣಿಗೆ ಬೀಳುವಂತೆ ಬಸದಿಯ ಬಾಗಿಲಲ್ಲಿ ತೂಗುಬಿದ್ದಿದೆಯೆ? ಪ್ರಶ್ನಿಸಿದವನನ್ನು ಸಮಾಜದ್ರೋಹಿಯೆಂದು ಕಾಣುತ್ತೇವೆಯೆ, ಹಿತೈಷಿಯೆಂದೆ?

ತಂದೆಯವರಿಗೆ ಪರಿಶೋಧಕರಿರಲಿಲ್ಲ, ಅವರ ಅಂತಃಕರಣವೇ ಸಾಕಾಗಿತ್ತು. ಆದರೆ ಸಂಸ್ಥೆಗಳಿಗೆ ಅಂತಃಕರಣವಿರುವುದಿಲ್ಲ. ಇಂದಿನ ವಿಶ್ವಸ್ತರು ಸಜ್ಜನರೆಂದೇ ಇಟ್ಟುಕೊಳ್ಳೋಣ, ನಾಳೆ ಆ ಪೀಠದಲ್ಲಿ ಯಾರು ಕೂರುವರೋ ಬಲ್ಲವರಾರು? ಸಜ್ಜನರು ಅಧಿಕಾರದಲ್ಲಿರುವಾಗಲೇ ನಿಯಮಗಳನ್ನು ಬರೆದಿಡುವುದು ಲೇಸು. ಮುಂಬರುವ ವಾರ್ಷಿಕ ಸಭೆಗೆ ಮುನ್ನ ಪ್ರತಿಯೊಂದು ಆಡಳಿತ ಮಂಡಳಿಯೂ ಈ ಐದು ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿದ್ಧಪಡಿಸಿ ಸಮಾಜದ ಮುಂದೆ ಓದಲಿ ಎಂದು ಸವಿನಯವಾಗಿ ಬೇಡುತ್ತೇನೆ.